ಜಾಕೆಟ್ ಹಾಕಿದ ಮಾತ್ರಕ್ಕೆ ಸರ್ವಿಸ್ ಡಾಗ್ ಆಗುವುದಿಲ್ಲ

ಜನ ತುಂಬಿದ ರೈಲು. ಕಿಟಕಿ ಪಕ್ಕದ ಸೀಟಿನ ಕೆಳಗೆ ಒಂದು ಲ್ಯಾಬ್ರಡಾರ್ ಮಲಗಿದೆ. ಎದುರಿಗೆ ಕೂತ ಮಗುವಿನ ಕೈಯಿಂದ ಬಿಸ್ಕತ್ತಿನ ತುಂಡೊಂದು ಕೆಳಗೆ ಬೀಳುತ್ತದೆ. ನಾಯಿಯ ಮೂತಿಗೂ ಆ ತುಂಡಿಗೂ ಒಂದು ಗೇಣು ದೂರ, ಜಾಸ್ತಿ ಇಲ್ಲ. ಮೂಗಿನ ಹೊಳ್ಳೆ ಒಮ್ಮೆ ಅರಳುತ್ತದೆ. ಕಣ್ಣು ಒಮ್ಮೆ ಅತ್ತ ಹೊರಳುತ್ತದೆ. ಆಮೇಲೆ ಗದ್ದವನ್ನು ಮತ್ತೆ ಮುಂಗಾಲ ಮೇಲಿಟ್ಟು ಸುಮ್ಮನಾಗುತ್ತದೆ. ನಿಲ್ದಾಣ ಬಂದಾಗ ಸೀಟಿನಲ್ಲಿದ್ದ ಹೆಂಗಸು ಏಳುತ್ತಾರೆ. ನಾಯಿಯೂ ಎದ್ದು ಅವರ ಎಡಗಾಲಿನ ಪಕ್ಕ ನಿಲ್ಲುತ್ತದೆ. ಪಕ್ಕದವರು ಬೆರಗಾಗುವುದು ಆಗಲೇ: "ಅಯ್ಯೋ, ಇಲ್ಲಿ ನಾಯಿ ಇತ್ತಾ? ಗೊತ್ತೇ ಆಗ್ಲಿಲ್ಲ!"

ಸರ್ವಿಸ್ ಡಾಗ್ ಅಂದರೆ ಬಾಗಿಲು ತೆಗೆಯುವ, ಬಿದ್ದ ಕೀಲಿ ಎತ್ತಿಕೊಡುವ, ಕಣ್ಣು ಕಾಣದವರನ್ನು ರಸ್ತೆ ದಾಟಿಸುವ ನಾಯಿ ಎಂದು ನಮಗೆಲ್ಲ ಗೊತ್ತು. ಆದರೆ ಆ ಕೆಲಸಗಳನ್ನು ಕಲಿಸುವುದು ಅಷ್ಟು ಕಷ್ಟವಲ್ಲ. ಚುರುಕಾದ ನಾಯಿಗೆ ಲೈಟಿನ ಸ್ವಿಚ್ ಒತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಕಷ್ಟ ಇರುವುದು ಆ ಬಿಸ್ಕತ್ತನ್ನು ಬಿಡುವುದರಲ್ಲಿ. ಗದ್ದಲ, ವಾಸನೆ, ಬೇರೆ ನಾಯಿಗಳು, ಕೈ ಚಾಚುವ ಜನ, ಇದರ ನಡುವೆ ಗಂಟೆಗಟ್ಟಲೆ ಏನೂ ಮಾಡದೆ ಇದ್ದು, ಬೇಕಾದ ಆ ಒಂದು ಕ್ಷಣದಲ್ಲಿ ಸರಿಯಾಗಿ ಕೆಲಸ ಮಾಡಬೇಕು. ಎರಡು ವರ್ಷದ ತರಬೇತಿಯಲ್ಲಿ ದೊಡ್ಡ ಪಾಲು ಹೋಗುವುದು ಇದಕ್ಕೇ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈಗ "ಸರ್ವಿಸ್ ಡಾಗ್" ಎಂದು ಬರೆದ ಜಾಕೆಟ್ಟು ಆನ್‌ಲೈನಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಗುರುತಿನ ಚೀಟಿಯೂ ಸಿಗುತ್ತದೆ. ಸಾಕುನಾಯಿಗೆ ಅದನ್ನು ತೊಡಿಸಿ ಅಂಗಡಿಗೆ, ವಿಮಾನಕ್ಕೆ ಕರೆದುಕೊಂಡು ಹೋಗುವವರಿದ್ದಾರೆ. ಆ ನಾಯಿ ಬೊಗಳುತ್ತದೆ, ಹಾರುತ್ತದೆ, ಕೆಲವೊಮ್ಮೆ ನಿಜವಾದ ಸರ್ವಿಸ್ ಡಾಗ್ ಮೇಲೆ ಎರಗುತ್ತದೆ. ಅದರ ಪೆಟ್ಟು ಬೀಳುವುದು ನಾಯಿಯಿಲ್ಲದೆ ಮನೆಯಿಂದ ಹೊರಬರಲಾಗದ ಮನುಷ್ಯನ ಮೇಲೆ. ಬಾಗಿಲಲ್ಲೇ ಅವರನ್ನು ಅನುಮಾನದಿಂದ ನೋಡುತ್ತಾರೆ. ಹಾಗಾದರೆ ಎಲ್ಲರ ಬಳಿಯೂ ಪ್ರಮಾಣಪತ್ರ ಕೇಳಿಬಿಟ್ಟರೆ ಆಗದೇ? ಅಷ್ಟು ಸುಲಭವಲ್ಲ. ಯಾಕೆ ಎಂದು ತಿಳಿಯಬೇಕಾದರೆ ಇಂಥ ಒಂದು ನಾಯಿ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು.

ಯುದ್ಧದಿಂದ ಶುರುವಾದ ಕೆಲಸ

ಕಣ್ಣು ಕಾಣದವರ ಜೊತೆ ನಾಯಿ ಇರುವುದು ಬಹಳ ಹಳೆಯ ಸಂಗತಿ. ಶಾಲೆ ಕಟ್ಟಿ ಕಲಿಸಿದ್ದು ಮಾತ್ರ ಮೊದಲ ಮಹಾಯುದ್ಧದ ಕಾಲದಲ್ಲಿ. ವಿಷಾನಿಲದಿಂದ, ಗುಂಡಿನಿಂದ ಕಣ್ಣು ಕಳೆದುಕೊಂಡ ಸೈನಿಕರು ಜರ್ಮನಿಯಲ್ಲಿ ಸಾವಿರಾರು ಮಂದಿ ಇದ್ದರು. ಅವರಿಗಾಗಿ 1916ರಲ್ಲಿ ಡಾ. ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು ಓಲ್ಡನ್‌ಬರ್ಗ್‌ನಲ್ಲಿ ಮೊದಲ ಶಾಲೆ ತೆರೆದರು. 1923ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಇನ್ನೊಂದು ಶುರುವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಶೆಫರ್ಡ್ ತಳಿ ಬೆಳೆಸುತ್ತಿದ್ದ ಅಮೆರಿಕದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಅದನ್ನು ನೋಡಿ ಬಂದು 1927ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದರು. ಆ ಲೇಖನವನ್ನು ಓದಿಸಿ ಕೇಳಿದ ಮಾರಿಸ್ ಫ್ರಾಂಕ್ ಎಂಬ ಕಣ್ಣು ಕಾಣದ ತರುಣ, "ನನಗೂ ಒಂದು ನಾಯಿ ಬೇಕು, ಸಿಕ್ಕರೆ ಬೇರೆಯವರಿಗೂ ಈ ಕೆಲಸ ಮಾಡಿಕೊಡುತ್ತೇನೆ" ಎಂಬ ಅರ್ಥದಲ್ಲಿ ಅವರಿಗೆ ಕಾಗದ ಬರೆದ.

ಫ್ರಾಂಕ್‌ಗೆ ಸಿಕ್ಕ ನಾಯಿಯ ಹೆಸರು ಬಡ್ಡಿ. 1928ರಲ್ಲಿ ನ್ಯೂಯಾರ್ಕಿನಲ್ಲಿ, ಪತ್ರಕರ್ತರ ಕಣ್ಣೆದುರಿಗೆ, ವಾಹನಗಳು ಎರ್ರಾಬಿರ್ರಿ ನುಗ್ಗುತ್ತಿದ್ದ ದೊಡ್ಡ ರಸ್ತೆಯನ್ನು ಆತ ಬಡ್ಡಿಯ ಜೊತೆ ದಾಟಿದ. ಮರುವರ್ಷ ಇಂಥ ನಾಯಿಗಳನ್ನು ತಯಾರು ಮಾಡುವ 'ದಿ ಸೀಯಿಂಗ್ ಐ' ಸಂಸ್ಥೆ ಹುಟ್ಟಿತು. ಆಮೇಲೆ ಫ್ರಾಂಕ್ ತನ್ನ ಆಯುಷ್ಯದ ಹಲವು ವರ್ಷ ಕಳೆದದ್ದು ರೈಲು ಕಂಪನಿಗಳು, ಹೋಟೆಲುಗಳು ನಾಯಿಯನ್ನು ಒಳಗೆ ಬಿಡುವಂತೆ ಮನವೊಲಿಸುವುದರಲ್ಲಿ. ನಾಯಿಗೆ ಕಲಿಸಿದರೆ ಸಾಲದು, ಬಾಗಿಲು ಕಾಯುವವರಿಗೂ ಕಲಿಸಬೇಕು ಎಂಬುದು ಆಗಲೇ ಗೊತ್ತಾಗಿತ್ತು.

ಬಹಳ ಕಾಲ ಇದು ಕಣ್ಣು ಕಾಣದವರಿಗಷ್ಟೇ ಸಿಕ್ಕ ಸೌಲಭ್ಯ. ಗಾಲಿಕುರ್ಚಿ ಬಳಸುವವರಿಗೂ ನಾಯಿ ನೆರವಾಗಬಹುದಲ್ಲ ಎಂಬ ಯೋಚನೆ ಸಂಸ್ಥೆಯ ರೂಪ ಪಡೆದದ್ದು 1975ರಲ್ಲಿ. ಅಮೆರಿಕದ ಬೋನಿಟಾ ಬರ್ಗಿನ್ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಶುರು ಮಾಡಿದಾಗ ನಾಯಿಯ ವಿಷಯ ತಿಳಿದವರೇ ಇದು ಆಗಿಹೋಗುವ ಮಾತಲ್ಲ ಎಂದಿದ್ದರಂತೆ. ಈಗ ಕಿವಿ ಕೇಳದವರಿಗೆ, ಫಿಟ್ಸ್ ಬರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಆಟಿಸಂ ಇರುವ ಮಕ್ಕಳಿಗೆ, ಯುದ್ಧದ ಆಘಾತದಿಂದ ನಿದ್ದೆಗೆಟ್ಟ ಮಾಜಿ ಸೈನಿಕರಿಗೆ, ಹೀಗೆ ಬಗೆಬಗೆಯ ನಾಯಿಗಳಿವೆ.

ಮರಿಯಿಂದ ಹಾರ್ನೆಸ್‌ವರೆಗೆ

ಹೆಚ್ಚಿನ ದೊಡ್ಡ ಸಂಸ್ಥೆಗಳು ನಾಯಿಗಳನ್ನು ತಾವೇ ಹುಟ್ಟಿಸಿ ಬೆಳೆಸುತ್ತವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಇವೆರಡರ ಮಿಶ್ರತಳಿ, ಜರ್ಮನ್ ಶೆಫರ್ಡ್ ಜಾಸ್ತಿ. ನಾಯಿಯ ಕೂದಲು ಒಗ್ಗದವರಿಗೆ ಪೂಡಲ್ ಕೂಡ ಉಂಟು. ತಂದೆ ತಾಯಿಯ ಸೊಂಟದ ಎಕ್ಸ್‌ರೇ, ಕಣ್ಣು, ಹೃದಯ, ಸ್ವಭಾವ ಎಲ್ಲ ನೋಡಿಯೇ ಮರಿ ಮಾಡಿಸುತ್ತಾರೆ. ಸೊಂಟದ ಕೀಲು ಸರಿಯಿಲ್ಲದ ನಾಯಿ ಎಷ್ಟೇ ಜಾಣ ಆಗಿದ್ದರೂ ಈ ಕೆಲಸಕ್ಕೆ ಬಾರದು. ನಡುಹರೆಯದಲ್ಲೇ ಅದಕ್ಕೆ ನೋವು ಶುರುವಾಗುತ್ತದೆ.

ಮರಿಗೆ ಸುಮಾರು ಎಂಟು ವಾರ ಆದಾಗ ಅದನ್ನು ಒಂದು ಕುಟುಂಬಕ್ಕೆ ಕೊಡುತ್ತಾರೆ. ಅವರು ಸಂಬಳಕ್ಕೆ ಇರುವವರಲ್ಲ, ಮನಸ್ಸಿದ್ದು ಮುಂದೆ ಬಂದವರು. ಕೆಲವು ಕಡೆ ಜೈಲಿನಲ್ಲಿರುವ ಕೈದಿಗಳು ಸಾಕುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಹಿಳಾ ಜೈಲಿನಲ್ಲಿ 1981ರಲ್ಲೇ ಇದು ಶುರುವಾಯಿತು. ಹೊತ್ತು ಇರುವವರು, ತಾಳ್ಮೆ ಇರುವವರು, ದಿನವೂ ಒಂದೇ ವೇಳೆಗೆ ಒಂದೇ ಕೆಲಸ ಮಾಡಬಲ್ಲವರು ಬೇಕಲ್ಲ! ಒಂದು ವರ್ಷ, ಒಂದೂವರೆ ವರ್ಷ ಮರಿ ಅವರ ಬಳಿ ಇರುತ್ತದೆ. ಮನೆ ಗಲೀಜು ಮಾಡಬಾರದು, ಕರೆದರೆ ಬರಬೇಕು, ಜನರ ಮೇಲೆ ಹಾರಬಾರದು ಎನ್ನುವುದರಿಂದ ಪಾಠ ಶುರು. ಅದಕ್ಕಿಂತ ಮುಖ್ಯವಾದದ್ದು ಲೋಕವನ್ನು ತೋರಿಸುವುದು. ಲಿಫ್ಟು, ಜಾಲರಿಯಂಥ ಕಬ್ಬಿಣದ ಮೆಟ್ಟಿಲು, ಛತ್ರಿ ಫಟ್ಟನೆ ಬಿಚ್ಚಿಕೊಳ್ಳುವ ಸದ್ದು, ಊರುಗೋಲು ಹಿಡಿದು ನಡೆಯುವವರು, ಅಳುವ ಮಗು, ತಾನಾಗಿ ತೆರೆಯುವ ಬಾಗಿಲು. ಇದನ್ನೆಲ್ಲ ಚಿಕ್ಕಂದಿನಲ್ಲಿ ನೂರು ಸಲ ನೋಡಿ "ಓ, ಇದೇನಾ!" ಎಂದು ಸುಮ್ಮನಾದ ಮರಿ ಮಾತ್ರ ಮುಂದೆ ಹೆದರದೆ ನಡೆಯುತ್ತದೆ. ಆಮೇಲೆ ಒಂದು ದಿನ ಆ ಕುಟುಂಬ ಅದನ್ನು ಸಂಸ್ಥೆಗೆ ವಾಪಸು ಕೊಡಬೇಕು. ಈ ಇಡೀ ಏರ್ಪಾಟಿನಲ್ಲಿ ಅತಿ ಹೆಚ್ಚು ಕೊಟ್ಟು ಅತಿ ಕಡಿಮೆ ಪಡೆಯುವವರು ಅವರೇ ಎಂದು ನನಗನಿಸುತ್ತದೆ.

ಮರಿಯ ಮೊದಲ ವಾರಗಳ ಬಗ್ಗೆ ಒಂದು ಸಂಶೋಧನೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಸೀಯಿಂಗ್ ಐ ಸಂಸ್ಥೆಯ 98 ಮರಿಗಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಸದಾ ಮರಿಗಳ ಸುತ್ತಲೇ ಇದ್ದು, ನೆಕ್ಕುತ್ತ, ಅತಿಯಾಗಿ ಮುದ್ದು ಮಾಡಿದ ತಾಯಿಯ ಮರಿಗಳು ಮುಂದೆ ಗೈಡ್ ಡಾಗ್, ಅಂದರೆ ಕಣ್ಣು ಕಾಣದವರನ್ನು ನಡೆಸುವ ನಾಯಿ, ಆಗದೆ ಹೊರಬೀಳುವುದು ಹೆಚ್ಚಿತ್ತು. ತಾಯಿ ಮಲಗಿ ಹಾಲೂಡಿದರೆ ಮರಿಗೆ ಸುಲಭ. ಕೂತು ಅಥವಾ ನಿಂತು ಊಡಿದರೆ ಮರಿ ಕತ್ತೆತ್ತಿ, ಕಾಲೂರಿ, ಪೈಪೋಟಿ ಮಾಡಿ ಕುಡಿಯಬೇಕು. ಹಾಗೆ ಕುಡಿದ ಮರಿಗಳೇ ಮುಂದೆ ಚೆನ್ನಾಗಿ ಗೆದ್ದವು. ಇದೊಂದೇ ಕಾರಣ ಎಂದು ಹೇಳಲಾಗದು, ತಾಯಿಯ ಸ್ವಭಾವ ರಕ್ತದಲ್ಲೇ ಬಂದಿರಬಹುದು. ಆದರೂ ಸಣ್ಣಪುಟ್ಟ ಕಷ್ಟ ನುಂಗಿ ಬೆಳೆದ ಮರಿಗೆ ದೊಡ್ಡ ಗಲಾಟೆ ತಡೆಯುವ ಶಕ್ತಿ ಬರುತ್ತದೆ ಎನ್ನುವುದು ತರಬೇತುದಾರರು ದಿನವೂ ನೋಡುವ ಸಂಗತಿಗೆ ಹೊಂದುತ್ತದೆ.

ನಿಜವಾದ ಶಾಲೆ ಅಲ್ಲಿಂದ ಮುಂದೆ. ನಾಲ್ಕು ತಿಂಗಳಿಂದ ಒಂಬತ್ತು ತಿಂಗಳು, ನಾಯಿಯ ಕೆಲಸ ನೋಡಿಕೊಂಡು. ಹಿಂದೆ ಬಾರು ಎಳೆದು, ಗದರಿಸಿ ಕಲಿಸುವುದು ಮಾಮೂಲಾಗಿತ್ತು. ಕಳೆದ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿನ ಸಂಸ್ಥೆಗಳು ತಿಂಡಿ ಕೊಟ್ಟು, ಹೊಗಳಿ ಕಲಿಸುವ ದಾರಿಗೆ ಬಂದಿವೆ. ಕರುಣೆ ಒಂದು ಕಾರಣ. ಹೆದರಿ ಕಲಿತ ನಾಯಿ ತಾನಾಗಿ ಯೋಚಿಸುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಕೆಳಗೆ ಬಿದ್ದ ಕೀಲಿ ಎತ್ತಿಕೊಡುವುದನ್ನೇ ತೆಗೆದುಕೊಳ್ಳಿ. ಲೋಹದ ರುಚಿ ನಾಯಿಗೆ ಇಷ್ಟವಿಲ್ಲ. ಆದ್ದರಿಂದ ಮೊದಲು ಕೀಲಿಗೊಂಚಲಿಗೆ ಒಂದು ಬಟ್ಟೆಯ ತುಂಡು ಕಟ್ಟುತ್ತಾರೆ. ನಾಯಿ ಅದರತ್ತ ನೋಡಿದರೆ ತರಬೇತುದಾರನ ಕೈಯಲ್ಲಿರುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನ ಟಿಕ್ ಎನ್ನುತ್ತದೆ, ಒಂದು ಕಾಳು ತಿಂಡಿ ಬಾಯಿಗೆ ಬೀಳುತ್ತದೆ. ಆಮೇಲೆ ನೋಡಿದರೆ ಸಾಲದು, ಮೂಗು ತಾಗಿಸಬೇಕು. ಆಮೇಲೆ ಬಾಯಿ ಹಾಕಬೇಕು. ಆಮೇಲೆ ಒಂದು ಸೆಕೆಂಡ್ ಹಿಡಿದಿರಬೇಕು. ಇಲ್ಲೇ ನಾಯಿ ತಡವರಿಸುವುದು: ಎತ್ತುತ್ತದೆ, ತಕ್ಷಣ ಬೀಳಿಸಿ ತಿಂಡಿಗಾಗಿ ಮುಖ ನೋಡುತ್ತದೆ. ತರಬೇತುದಾರ ಏನೂ ಹೇಳುವುದಿಲ್ಲ, ಕಾಯುತ್ತಾನೆ. ನಾಯಿ ಮತ್ತೆ ಎತ್ತುತ್ತದೆ, ಈ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಟಿಕ್! ಹೀಗೆ ದಿನಕ್ಕೆ ಹತ್ತು ನಿಮಿಷದಂತೆ ನಾಲ್ಕಾರು ಸಲ. ಬಟ್ಟೆಯನ್ನು ದಿನದಿನಕ್ಕೆ ಚಿಕ್ಕದಾಗಿ ಕತ್ತರಿಸುತ್ತ ಹೋಗಿ, ಕೊನೆಗೆ ಬರೀ ಕೀಲಿ. ಅದೂ ಕೊನೆಯಲ್ಲ. ಗಾಲಿಕುರ್ಚಿಯಲ್ಲಿ ಕೂತವರ ಕೈ ಬಲವಾಗಿ ಹಿಡಿಯಲಾರದೆ ಇರಬಹುದು, ನಡುಗುತ್ತಿರಬಹುದು. ಆದ್ದರಿಂದ ಕೀಲಿಯನ್ನು ಕೈಯತ್ತ ಎಸೆಯದೆ ಮಡಿಲಲ್ಲಿ ಮೆಲ್ಲಗೆ ಇಟ್ಟು, "ಬಿಡು" ಎನ್ನುವವರೆಗೆ ಬಾಯಿ ಬಿಡಬಾರದು. ಅದು ಇನ್ನೊಂದು ವಾರದ ಪಾಠ.

ಮಾತು ಮೀರುವ ಜಾಣತನ

ಗೈಡ್ ಡಾಗ್ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ನಾಯಿಗೆ ದಾರಿ ಗೊತ್ತಿರುತ್ತದೆ ಎನ್ನುವುದು ಒಂದು. ಸಿಗ್ನಲ್ ದೀಪ ನೋಡಿ ರಸ್ತೆ ದಾಟಿಸುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ದಾರಿಯ ನಕ್ಷೆ ಇರುವುದು ಮನುಷ್ಯನ ತಲೆಯಲ್ಲಿ. ಎರಡು ತಿರುವು ಬಿಟ್ಟು ಬಲಕ್ಕೆ ಹೋಗಬೇಕು ಎಂದು ಅವರಿಗೆ ಗೊತ್ತು, ನಾಯಿಗೆ ಹೇಳುವವರು ಅವರೇ. ರಸ್ತೆಯ ಅಂಚಿಗೆ ಬಂದಾಗ ನಾಯಿ ನಿಲ್ಲುತ್ತದೆ. ಮನುಷ್ಯ ವಾಹನಗಳ ಸದ್ದು ಆಲಿಸಿ, ದಾಟಬಹುದು ಅನಿಸಿದಾಗ "ಮುಂದೆ" ಎನ್ನುತ್ತಾನೆ.

ಆಗ ಸದ್ದಿಲ್ಲದೆ ಒಂದು ಕಾರು ಬರುತ್ತಿದ್ದರೆ? ನಾಯಿ ಹೆಜ್ಜೆ ಇಡುವುದಿಲ್ಲ. ಮತ್ತೆ "ಮುಂದೆ" ಎಂದರೂ ಕದಲುವುದಿಲ್ಲ, ಇಲ್ಲವೇ ಅಡ್ಡ ನಿಂತು ತಡೆಯುತ್ತದೆ. ಹೇಳಿದ ಮಾತು ಕೇಳಬೇಕು ಎಂದು ಎರಡು ವರ್ಷ ಕಲಿಸಿದ ನಾಯಿಗೆ, ಜೀವಕ್ಕೆ ಅಪಾಯ ಇದ್ದಾಗ ಮಾತು ಕೇಳಬೇಡ ಎಂದೂ ಕಲಿಸಬೇಕು! ಇದಕ್ಕಾಗಿ ತರಬೇತುದಾರರು ತಾವೇ ಕಾರು ಓಡಿಸಿಕೊಂಡು ಬಂದು ನಾಯಿಯ ದಾರಿಗೆ ಅಡ್ಡ ಬರುತ್ತಾರೆ, ಬೇಕೆಂದೇ, ಮತ್ತೆ ಮತ್ತೆ. ಈಗ ಬ್ಯಾಟರಿ ಕಾರುಗಳು ಬಂದ ಮೇಲೆ ಈ ಪಾಠದ ತೂಕ ಇನ್ನೂ ಹೆಚ್ಚಾಗಿದೆ. ಸದ್ದೇ ಮಾಡದ ವಾಹನವನ್ನು ಕಿವಿ ಹಿಡಿಯುವುದಿಲ್ಲ, ನಾಯಿಯ ಕಣ್ಣು ಹಿಡಿಯುತ್ತದೆ.

ನನಗೆ ಇದಕ್ಕಿಂತಲೂ ಅಚ್ಚರಿ ಎನಿಸುವುದು ತಲೆಯ ಮಟ್ಟದ ಅಡ್ಡಿ. ದಾರಿಗೆ ಬಾಗಿದ ಒಂದು ಮರದ ಕೊಂಬೆ ಇದೆ ಎನ್ನಿ. ನಾಯಿಯ ಎತ್ತರ ಎರಡು ಅಡಿ, ಅದರ ಪಾಲಿಗೆ ಕೊಂಬೆ ಇಲ್ಲವೇ ಇಲ್ಲ. ಆದರೂ ಅದು ಕೊಂಬೆಯನ್ನು ನೋಡಿ, ಪಕ್ಕದಲ್ಲಿರುವ ಆರಡಿ ಮನುಷ್ಯನ ಲೆಕ್ಕ ಹಾಕಿ, ಸುತ್ತಿ ಹೋಗಬೇಕು. ಇಬ್ಬರೂ ಹಿಡಿಸುವಷ್ಟು ಅಗಲ ಇದೆಯಾ ಎಂದೂ ನೋಡಬೇಕು. ತನ್ನದಲ್ಲದ ಒಂದು ಮೈಯ ಅಳತೆಯನ್ನು ನಾಯಿ ತನ್ನದಾಗಿಸಿಕೊಳ್ಳುತ್ತದೆ. ಇದನ್ನು ಕಲಿಸಿದವರು ಕೊನೆಗೆ ತಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನಾಯಿಯ ಹಾರ್ನೆಸ್ (ಮೈಗೆ ಕಟ್ಟಿದ, ಹಿಡಿಕೆ ಇರುವ ಪಟ್ಟಿ) ಹಿಡಿದು ನಡೆದು ನೋಡುತ್ತಾರೆ. ಪರೀಕ್ಷೆ ಅಂದರೆ ಅದು.

ಕಿವಿ ಕೇಳದವರ ನಾಯಿಯ ಕೆಲಸ ಬೇರೆ. ಕರೆಗಂಟೆ ಬಾರಿಸಿದರೆ, ಮಗು ಅತ್ತರೆ ಅದು ಬಂದು ಮೂಗಿನಿಂದಲೋ ಪಂಜದಿಂದಲೋ ತಟ್ಟಿ, ಸದ್ದು ಬಂದ ಕಡೆಗೆ ಕರೆದೊಯ್ಯುತ್ತದೆ. ಬೆಂಕಿಯ ಅಲಾರಂ ಆದರೆ ಕರೆದೊಯ್ಯಬಾರದು, ಬೆಂಕಿಯ ಹತ್ತಿರ ಹೋದಂತಾಗುತ್ತದೆ. ಆಗ ತಟ್ಟಿ ನೆಲಕ್ಕೆ ಮಲಗಿಬಿಡುವಂತೆ ಕೆಲವು ಶಾಲೆಗಳು ಕಲಿಸುತ್ತವೆ. ಎಷ್ಟು ಯೋಚಿಸಿ ಮಾಡಿದ್ದು, ಅಲ್ವಾ?

ನಾಯಿಯಿಂದ ಏನಾಗುತ್ತದೆ, ಏನಾಗುವುದಿಲ್ಲ

ಪ್ರೀತಿ ಇರುವ ಕಡೆ ಅತಿಶಯೋಕ್ತಿಯೂ ಬೇಗ ಬರುತ್ತದೆ. ಅದಕ್ಕೇ ಇಲ್ಲಿ ನೇರವಾಗಿ ಹೇಳಬೇಕು. ಗೈಡ್ ಡಾಗ್ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಯೇ ಇಲ್ಲ, ನೂರು ವರ್ಷದ ಅನುಭವ ಅದರ ಹಿಂದಿದೆ. ಆದರೆ ರೋಗದ ಮುನ್ಸೂಚನೆ ಕೊಡುವ ನಾಯಿಗಳ ವಿಷಯದಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಾಗ ಉಸಿರಿನ ವಾಸನೆ ಬದಲಾಗುತ್ತದೆ, ನಾಯಿ ಅದನ್ನು ಹಿಡಿಯಬಲ್ಲದು. 2019ರಲ್ಲಿ ಬ್ರಿಟನ್ನಿನ 27 ನಾಯಿಗಳನ್ನು ನೋಡಿದಾಗ ಸಕ್ಕರೆ ಇಳಿದ ಸಂದರ್ಭಗಳಲ್ಲಿ ಶೇ. 83ರಷ್ಟನ್ನು ನಡುಮಟ್ಟದ ನಾಯಿ ಗುರುತಿಸಿತ್ತು. ಆದರೆ ನಾಯಿಯಿಂದ ನಾಯಿಗೆ ಬಹಳ ಅಂತರ ಇತ್ತು. 2017ರಲ್ಲಿ ಅಮೆರಿಕದಲ್ಲಿ 8 ನಾಯಿಗಳನ್ನು ಸಕ್ಕರೆ ಅಳೆಯುವ ಯಂತ್ರದ ಎದುರು ಇಟ್ಟು ಹೋಲಿಸಿದಾಗ ಅವು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಹಿಡಿದವು. ಆದ್ದರಿಂದ ನಾಯಿ ಇದೆ ಎಂದು ಯಂತ್ರ ಬಿಡುವುದು ಅಪಾಯ. ಹಾಗೆ ಬಿಡಿ ಎಂದು ಹೇಳಿ ನಾಯಿ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಫಿಟ್ಸ್ ವಿಷಯದಲ್ಲೂ ಹಾಗೆಯೇ. ಫಿಟ್ಸ್ ಬಂದ ಮೇಲೆ ಪಕ್ಕದಲ್ಲಿ ಮಲಗುವುದು, ಬೊಗಳಿ ಜನರನ್ನು ಕರೆಯುವುದು, ಅಲಾರಂ ಒತ್ತುವುದು, ಇವನ್ನು ಖಂಡಿತ ಕಲಿಸಬಹುದು. ಬರುವ ಮುಂಚೆಯೇ ಗುರುತಿಸುವುದು ಕೆಲವು ನಾಯಿಗಳಿಗೆ ತಾನಾಗಿ ಬರುತ್ತದೆ. ಅದನ್ನು ಕಲಿಸಿಯೇ ಕೊಡುತ್ತೇವೆ ಎಂಬ ಭರವಸೆ ಕೊಡುವವರ ಬಗ್ಗೆ ಎಚ್ಚರ ಬೇಕು.

ಮಾಜಿ ಸೈನಿಕರ ಮಾನಸಿಕ ಆಘಾತದ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಸುದ್ದಿ ಕೊಟ್ಟಿದೆ. 156 ಮಂದಿಯಲ್ಲಿ ಒಂದು ಗುಂಪಿಗೆ ನಾಯಿ ಸಿಕ್ಕಿತ್ತು, ಇನ್ನೊಂದು ಗುಂಪು ಇನ್ನೂ ಕಾಯುವ ಪಟ್ಟಿಯಲ್ಲಿತ್ತು. ಮೂರು ತಿಂಗಳಲ್ಲಿ ನಾಯಿ ಸಿಕ್ಕವರ ಲಕ್ಷಣಗಳು ಕಡಿಮೆಯಾಗಿದ್ದವು. ಕೆಟ್ಟ ಕನಸು ಬಿದ್ದಾಗ ಎಬ್ಬಿಸುವುದು, ಗುಂಪಿನಲ್ಲಿ ಬೆನ್ನ ಹಿಂದೆ ನಿಂತು ಜಾಗ ಮಾಡಿಕೊಡುವುದು, ಉಸಿರುಗಟ್ಟಿದಂತೆ ಆದಾಗ ಮಡಿಲ ಮೇಲೆ ಭಾರ ಹಾಕುವುದು, ಇಂಥ ಕೆಲಸಗಳನ್ನು ಅವು ಕಲಿತಿರುತ್ತವೆ. ಔಷಧಿ, ಚಿಕಿತ್ಸೆ ಬಿಟ್ಟವರಲ್ಲ ಅವರು. ಅದರ ಜೊತೆಗೆ ನಾಯಿ.

ಸುಮ್ನೆ ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ನಾಯಿಗೂ ಸರ್ವಿಸ್ ಡಾಗ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಸಮಾಧಾನ ಕೊಡುವುದು ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ತರಬೇತಿ ಬೇಕಿಲ್ಲ, ಯಾವ ನಾಯಿಯೂ ಕೊಟ್ಟೀತು. ಸರ್ವಿಸ್ ಡಾಗ್ ಒಂದು ನಿರ್ದಿಷ್ಟ ಕೆಲಸವನ್ನು, ಒಬ್ಬ ನಿರ್ದಿಷ್ಟ ಮನುಷ್ಯನ ಅಗತ್ಯಕ್ಕೆ ತಕ್ಕಂತೆ ಕಲಿತಿರುತ್ತದೆ.

ಚೀಟಿ ಕೇಳಬೇಕೇ, ಬೇಡವೇ?

ಈಗ ಜಾಕೆಟ್ಟಿನ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಅಡಿ ಸರ್ವಿಸ್ ಡಾಗ್‌ಗೆ ನೋಂದಣಿ ಇಲ್ಲ, ಪ್ರಮಾಣಪತ್ರ ಕಡ್ಡಾಯವಲ್ಲ, ಜಾಕೆಟ್ ಕೂಡ ಬೇಕಿಲ್ಲ. ನಾಯಿಗೆ ಮಾಲೀಕರೇ ಕಲಿಸಬಹುದು. ಬೇರೆ ಹೊತ್ತಿನಲ್ಲಿ ನಾಯಿಯನ್ನು ಬಿಡದ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ? ಅದು ಯಾವ ಕೆಲಸ ಕಲಿತಿದೆ? ಏನು ಕಾಯಿಲೆ ಎಂದು ಕೇಳುವಂತಿಲ್ಲ, ಕೆಲಸ ಮಾಡಿ ತೋರಿಸಿ ಎನ್ನುವಂತಿಲ್ಲ. ಆದರೆ ನಾಯಿ ಹತೋಟಿಯಲ್ಲಿಲ್ಲದಿದ್ದರೆ, ಗಲೀಜು ಮಾಡಿದರೆ ಹೊರಗೆ ಕಳಿಸಬಹುದು.

ಜಪಾನ್ ಬೇರೆ ದಾರಿ ಹಿಡಿದಿದೆ. 2002ರ ಕಾಯ್ದೆಯಂತೆ ನಾಯಿ ಮತ್ತು ಮನುಷ್ಯನ ಜೋಡಿ ಪರೀಕ್ಷೆಗೆ ಒಳಪಡಬೇಕು, ಗುರುತು ಕಾಣುವಂತೆ ಇರಬೇಕು. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವವರ ನಾಯಿಗಳಿಗೆ ಮಾತ್ರ ಈ ಹಕ್ಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ 2009ರಿಂದ ಗುರುತಿನ ಚೀಟಿ ಪದ್ಧತಿ ತಂದಿದೆ.

ಚೀಟಿ ಇದ್ದರೆ ಜಗಳ ಕಡಿಮೆ, ನಿಜ. ಮೋಸವೂ ಕಡಿಮೆ. ಆದರೆ ಚೀಟಿ ಕೊಡುವವರು ಯಾರು, ಎಷ್ಟು ದೂರದಲ್ಲಿದ್ದಾರೆ, ಎಷ್ಟು ದಿನ ತೆಗೆದುಕೊಳ್ಳುತ್ತಾರೆ? ಗಾಲಿಕುರ್ಚಿಯಲ್ಲಿರುವವರು ಬ್ರೆಡ್ಡು ತರಲು ಅಂಗಡಿಗೆ ಹೋದಾಗಲೆಲ್ಲ ಕಾಗದ ತೋರಿಸುತ್ತ ನಿಲ್ಲಬೇಕೇ? ಜಪಾನಿನ ಪಟ್ಟಿಯಲ್ಲಿ ಮಾನಸಿಕ ಆಘಾತದ ನಾಯಿಗಳಿಗೆ ಜಾಗವಿಲ್ಲ. ಅಗತ್ಯ ಇದ್ದವರು ಬಾಗಿಲ ಹೊರಗೇ ಉಳಿದರು. ಅಮೆರಿಕದಲ್ಲಿ ಬಾಗಿಲು ತೆರೆದಿದೆ, ಮೋಸದವರೂ ಒಳಗೆ ಬಂದರು. ಎರಡರಲ್ಲಿ ಆರಿಸಬೇಕಾದರೆ ನಾನು ತೆರೆದ ಬಾಗಿಲನ್ನೇ ಆರಿಸುತ್ತೇನೆ. ಒಂದು ಷರತ್ತಿನ ಮೇಲೆ: ಕಾಗದವನ್ನಲ್ಲ, ನಡತೆಯನ್ನು ನೋಡಬೇಕು. ಮೇಜಿನಡಿ ಸದ್ದಿಲ್ಲದೆ ಮಲಗಿದ ನಾಯಿಗೆ ಜಾಕೆಟ್ ಇಲ್ಲದಿದ್ದರೂ ಪ್ರಶ್ನೆ ಬೇಡ. ಮೈಮೇಲೆ ಹಾರುವ ನಾಯಿಗೆ ಮೂರು ಜಾಕೆಟ್ ಇದ್ದರೂ ಹೊರಗೆ ಕಳಿಸಬೇಕು. ಕಾನೂನು ಈಗಾಗಲೇ ಅದಕ್ಕೆ ಅವಕಾಶ ಕೊಟ್ಟಿದೆ. ಅಂಗಡಿಯವರಿಗೆ ಅದು ಗೊತ್ತಿಲ್ಲ, ಅಥವಾ ಹೇಳಲು ಹೆದರುತ್ತಾರೆ. ವಿಮಾನದ ವಿಷಯದಲ್ಲಿ ಅಮೆರಿಕ ನಡುವಿನ ದಾರಿ ಹುಡುಕಿತು. 2021ರ ಜನವರಿಯಿಂದ ಸಮಾಧಾನಕ್ಕಾಗಿ ಸಾಕಿದ ಪ್ರಾಣಿಗಳನ್ನು ವಿಮಾನ ಕಂಪನಿಗಳು ಸರ್ವಿಸ್ ಡಾಗ್ ಎಂದು ಪರಿಗಣಿಸಬೇಕಿಲ್ಲ. ನಾಯಿಯ ತರಬೇತಿ, ಆರೋಗ್ಯ, ನಡತೆಗೆ ಪ್ರಯಾಣಿಕರೇ ಜವಾಬ್ದಾರಿ ಹೊತ್ತು ಸಹಿ ಮಾಡಿದ ಫಾರ್ಮ್ ಕೇಳಬಹುದು.

ಆದರೆ ಮೋಸದ ಬೇರು ಇನ್ನೂ ಕೆಳಗಿದೆ. ತರಬೇತಾದ ನಾಯಿಗಳು ಸಾಲುತ್ತಿಲ್ಲ. ಶಾಲೆಗೆ ಸೇರಿದ ನಾಯಿಗಳಲ್ಲಿ ಹಲವು ಕಡೆ ಅರ್ಧದಷ್ಟು ಮಾತ್ರ ಕೆಲಸಕ್ಕೆ ಹೋಗುತ್ತವೆ. ಒಂದಕ್ಕೆ ಪಟಾಕಿಯ ಭಯ, ಇನ್ನೊಂದಕ್ಕೆ ಅಳಿಲು ಕಂಡರೆ ತಡೆಯಲಾಗದು, ಮತ್ತೊಂದಕ್ಕೆ ಚರ್ಮದ ಅಲರ್ಜಿ. ಒಂದು ನಾಯಿಗಾಗಿ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯುವವರಿದ್ದಾರೆ. ಅವರೆಲ್ಲ ಏನು ಮಾಡಬೇಕು? ಹಲವರು ತಾವೇ ಒಂದು ನಾಯಿ ತಂದು ಕಲಿಸಲು ಹೊರಡುತ್ತಾರೆ. ಒಳ್ಳೆಯ ತರಬೇತುದಾರರ ನೆರವಿದ್ದರೆ ಇದು ಚೆನ್ನಾಗಿಯೇ ಆಗುತ್ತದೆ. ನಾಯಿ ಬಳಸುವವರದೇ ಒಂದು ಅಂತರರಾಷ್ಟ್ರೀಯ ಸಂಘ ಕನಿಷ್ಠ ಮಟ್ಟವನ್ನು ಹೇಳಿದೆ: 6 ತಿಂಗಳಲ್ಲಿ 120 ಗಂಟೆ ತರಬೇತಿ, ಅದರಲ್ಲಿ 30 ಗಂಟೆ ಜನರ ನಡುವೆ, ಅಂಗವೈಕಲ್ಯಕ್ಕೆ ನೇರವಾಗಿ ಒದಗುವ ಮೂರು ಕೆಲಸ. ಕಷ್ಟ ಬರುವುದು ನಾಯಿ ಹೊಂದದಿದ್ದಾಗ. ಸಂಸ್ಥೆಯ ಬಳಿ ಇನ್ನೊಂದು ನಾಯಿ ಇರುತ್ತದೆ. ತಾವೇ ಸಾಕಿದವರ ಬಳಿ ಇರುವುದು ಮುದ್ದಿನ ಒಂದೇ ನಾಯಿ. ಒಂದೂವರೆ ವರ್ಷ ಪಾಡುಪಟ್ಟ ಮೇಲೆ "ಇದು ಈ ಕೆಲಸಕ್ಕಲ್ಲ" ಎಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟ! ಒಪ್ಪಿಕೊಳ್ಳಲಾಗದೆ ಜಾಕೆಟ್ ತೊಡಿಸಿ ಹೊರಡುವವರನ್ನು ಮೋಸಗಾರರು ಎಂದುಬಿಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅದರ ಬೆಲೆ ತೆರುವುದು ಆ ನಾಯಿ. ಹೆದರಿದ ನಾಯಿಯನ್ನು ದಿನವೂ ಜಂಗುಳಿಗೆ ಎಳೆದೊಯ್ಯುವುದು ಹಿಂಸೆ.

ದಾರಿಯಲ್ಲಿ ಸಿಗುವ ನಾವೂ ಈ ತರಬೇತಿಯ ಒಂದು ಭಾಗ. ಒಮ್ಮೆ ಹಾರ್ನೆಸ್ ಹಾಕಿದ ಶೆಫರ್ಡ್ ಒಂದನ್ನು ಕಂಡು ನಾನು ಬಾಗಿ, ಲೊಚ್ ಲೊಚ್ ಎಂದು ಕರೆದಿದ್ದೆ. ನಾಯಿ ತಲೆ ತಿರುಗಿಸಿತು. ಅಷ್ಟರಲ್ಲಿ ಅದರ ಜೊತೆಗಿದ್ದವರ ಕಾಲು ಮೆಟ್ಟಿಲಿನ ಅಂಚು ತಪ್ಪಿತು. ಬೀಳಲಿಲ್ಲ, ಕಂಬಿ ಹಿಡಿದರು. "ಅವಳು ಕೆಲಸದಲ್ಲಿದ್ದಾಳೆ, ದಯವಿಟ್ಟು ಮಾತಾಡಿಸಬೇಡಿ" ಎಂದರು, ಸಿಟ್ಟಿಲ್ಲದೆ. ಆ ಮೆಟ್ಟಿಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಟ್ಟಬಾರದು, ಕರೆಯಬಾರದು, ತಿಂಡಿ ಕೊಡಬಾರದು. ಏನಾದರೂ ಹೇಳಬೇಕಿದ್ದರೆ ನಾಯಿಗಲ್ಲ, ಮನುಷ್ಯರಿಗೆ ಹೇಳಬೇಕು. ನಮ್ಮ ಸಾಕುನಾಯಿ ಜೊತೆಗಿದ್ದರೆ ಬಾರು ಗಿಡ್ಡ ಮಾಡಿ ಪಕ್ಕಕ್ಕೆ ಸರಿಯಬೇಕು. ಒಂದು ಸಲ ಬೇರೆ ನಾಯಿಯಿಂದ ಕಚ್ಚಿಸಿಕೊಂಡ ಗೈಡ್ ಡಾಗ್ ಮತ್ತೆ ಹಾರ್ನೆಸ್ ಹಾಕಲು ಹಿಂಜರಿಯಬಹುದು. ಎರಡು ವರ್ಷದ ದುಡಿಮೆ ಅರ್ಧ ನಿಮಿಷದಲ್ಲಿ ಹೋಯಿತು.

ಏನೂ ಆಗದಿದ್ದರೂ ಕಾಲ ಇದ್ದೇ ಇದೆ. ಎಂಟು ಹತ್ತು ವರ್ಷದ ವಯಸ್ಸಿಗೆ ನಾಯಿ ನಿವೃತ್ತಿಗೆ ಬರುತ್ತದೆ. ಹೆಜ್ಜೆ ನಿಧಾನವಾಗುತ್ತದೆ. ಬೆಳಿಗ್ಗೆ ಹಾರ್ನೆಸ್ ತೆಗೆದಾಗ ಓಡಿ ಬಂದು ತಲೆ ತೂರಿಸುತ್ತಿದ್ದದ್ದು, ಒಂದು ದಿನ ಹಾಸಿಗೆಯಿಂದಲೇ ನೋಡುತ್ತದೆ. ಕಣ್ಣು ಕಾಣದ ಮನುಷ್ಯನಿಗೆ ಅದು ಹಿಡಿಕೆಯಲ್ಲೇ ಗೊತ್ತಾಗುತ್ತದೆ, ಎಳೆತ ಮೊದಲಿನಷ್ಟು ಬಿಗಿಯಿಲ್ಲ. ಕಾಯುವವರ ಪಟ್ಟಿ ಉದ್ದ ಇರುವುದರಿಂದ ಅವರು ಮುಂದಿನ ನಾಯಿಗೆ ಆಗಲೇ ಅರ್ಜಿ ಹಾಕಬೇಕು, ಕಾಲ ಬುಡದಲ್ಲಿ ಹಳೆಯದು ಇನ್ನೂ ಮಲಗಿರುವಾಗಲೇ. ಫಾರ್ಮ್‌ನಲ್ಲಿ ನಡಿಗೆಯ ವೇಗ ಎಷ್ಟು ಎಂದು ಕೇಳುತ್ತಾರೆ, ಹೊಂದುವ ನಾಯಿ ಹುಡುಕಲು. ಅವರು ಬರೆಸುವುದು ತಮ್ಮ ವೇಗವನ್ನು. ಇಷ್ಟು ವರ್ಷ ಆ ವೇಗ ಇಬ್ಬರದೂ ಆಗಿತ್ತು.